ಲೂಸಿಯ ದ್ರಾಕ್ಷಿ ತೊಟ್ಟಿ, ನಮ್ಮಪ್ಪನ ತೋಟ

ಹೋದ ಭಾನುವಾರ ರಾತ್ರಿ ಅಡುಗೆಮನೆ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಮಗಳು ಮಂಚದ ಮೇಲೆ ಮಲಗಿಕೊಂಡು ಮೊಬೈಲ್ ನೋಡುತ್ತಾ ಒಬ್ಬಳೇ ನಗುತ್ತಿದ್ದಳು. ಕಣ್ಣಲ್ಲಿ ನೀರು ಬರೋ ಹಾಗೆ ನಗು. "ಏನೇ ಅದು?" ಅಂದೆ. "ಅಮ್ಮಾ, ಬಾ ಇಲ್ಲಿ, ನೀನು ನೋಡಲೇಬೇಕು" ಅಂತ ಎದ್ದು ಬಂದು ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದಳು.

ಕಪ್ಪು ಬಿಳುಪು ಚಿತ್ರ. ಒಂದು ದೊಡ್ಡ ಮರದ ತೊಟ್ಟಿ. ಅದರೊಳಗೆ ಇಬ್ಬರು ಹೆಂಗಸರು ಲಂಗ ಎತ್ತಿ ಹಿಡಿದುಕೊಂಡು ದ್ರಾಕ್ಷಿ ತುಳಿಯುತ್ತಿದ್ದಾರೆ. ಮೊದಮೊದಲು ಕುಣಿತ. ಆಮೇಲೆ ತಳ್ಳಾಟ. ಕೊನೆಗೆ ಒಬ್ಬರ ಮೇಲೊಬ್ಬರು ಬಿದ್ದು ಹೊಡೆದಾಟ. ಮಗಳು ನಗುತ್ತಲೇ ಇದ್ದಳು. ನನ್ನ ಬಾಯಿಂದ ಮೊದಲು ಬಂದ ಮಾತು, "ಅಯ್ಯೋ, ಎಷ್ಟು ಕ್ರೇಟ್ ದ್ರಾಕ್ಷಿ ಹಾಳು ಮಾಡ್ತಿದಾರೆ!"

ಏನು ಮಾಡಲಿ, ನಾನು ದ್ರಾಕ್ಷಿ ಬೆಳೆಯುವವರ ಮನೆಯ ಹುಡುಗಿ. ಚಿಕ್ಕಬಳ್ಳಾಪುರದಿಂದ ನಂದಿ ಕಡೆ ಹೋಗುವ ದಾರಿಯಲ್ಲಿ ನಮ್ಮಪ್ಪನ ಎರಡೂವರೆ ಎಕರೆ ತೋಟ ಇದೆ. ಕಲ್ಲು ಕಂಬ, ಮೇಲೆ ತಂತಿಯ ಚಪ್ಪರ, ಅದರ ಕೆಳಗೆ ನೆರಳು. ನಮ್ಮ ಬಾಲ್ಯವೆಲ್ಲ ಆ ಚಪ್ಪರದ ಕೆಳಗೇ ಕಳೆದದ್ದು. ನಮ್ಮಲ್ಲಿ ಹೆಚ್ಚಾಗಿ ಬೆಳೆಯೋದು ಬ್ಲೂ, ಸ್ವಲ್ಪ ದಿಲ್‌ಖುಷ್. ಬ್ಲೂ ಅಂದರೆ ಬೆಂಗಳೂರು ನೀಲಿ ದ್ರಾಕ್ಷಿ. ಹೆಸರಿನಲ್ಲಿ ಬೆಂಗಳೂರು ಇದ್ದರೂ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ನೆಲವೇ ಅದರ ಮನೆ. 2013ರಲ್ಲಿ ಅದಕ್ಕೆ ಜಿಐ, ಅಂದರೆ ಇದು ಈ ನೆಲದ ಬೆಳೆ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದಾಗ ಅಪ್ಪ ಪೇಪರ್ ಕಟಿಂಗ್ ತಂದು ಬೀರುವಿನ ಬಾಗಿಲಿಗೆ ಅಂಟಿಸಿದ್ದರು. ಇನ್ನೂ ಅಲ್ಲೇ ಇದೆ.

ಹಾಗಾಗಿ ಆ ಎರಡು ನಿಮಿಷದ ತುಣುಕು ನನ್ನ ತಲೆಯಿಂದ ಹೋಗಲಿಲ್ಲ. ಮಾರನೇ ದಿನ ಪೂರ್ತಿ ಎಪಿಸೋಡ್ ನೋಡಿದೆ. ಆಮೇಲೆ ಅದರ ಹಿಂದಿನ ಕಥೆ ಹುಡುಕಿಕೊಂಡು ಹೋದೆ. ಒಂದು ವಾರದಿಂದ ಇದೇ ಕೆಲಸ. ಅಂಗಡಿಯಲ್ಲಿ ಬ್ಲೌಸ್ ಹೊಲಿಯುವಾಗಲೂ ಮಶೀನಿನ ಪಕ್ಕ ಮೊಬೈಲ್ ಒರಗಿಸಿಟ್ಟುಕೊಂಡು ಅದರ ನಾಯಕಿ ಲೂಸಿಲ್ ಬಾಲ್ ಅವರ ಸಂದರ್ಶನ ಕೇಳಿದ್ದೇನೆ.

ಆ ಧಾರಾವಾಹಿಯ ಹೆಸರು ಐ ಲವ್ ಲೂಸಿ. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1951ರಿಂದ 1957ರವರೆಗೆ, ಸೋಮವಾರ ರಾತ್ರಿ ಬರುತ್ತಿತ್ತು. ನಾವು ಪಾಪ ಪಾಂಡು, ಸಿಲ್ಲಿ ಲಲ್ಲಿ ಟೈಮಿಗೆ ಸರಿಯಾಗಿ ಕೆಲಸ ಮುಗಿಸಿ ಟಿವಿ ಮುಂದೆ ಕೂರುತ್ತಿದ್ದೆವಲ್ವಾ, ಹಾಗೆ ಅವರಿಗೆ ಇದು. ಲೂಸಿ ಒಬ್ಬ ಗೃಹಿಣಿ. ಗಂಡ ರಿಕಿ ಬ್ಯಾಂಡ್ ನಡೆಸುವವನು. ಪಕ್ಕದಲ್ಲಿ ಫ್ರೆಡ್ ಮತ್ತು ಎಥೆಲ್ ಅನ್ನೋ ದಂಪತಿ. ಲೂಸಿಗೆ ಹೇಗಾದರೂ ಮಾಡಿ ಸಿನಿಮಾದಲ್ಲೋ ಸ್ಟೇಜ್ ಮೇಲೋ ಕಾಣಿಸಿಕೊಳ್ಳಬೇಕು. ಗಂಡ ಬೇಡ ಅಂತಾನೆ. ಅವಳು ಬಿಡಲ್ಲ. ಲೂಸಿಯ ಪಾತ್ರ ಮಾಡಿದ ಲೂಸಿಲ್ ಬಾಲ್ ಮತ್ತು ರಿಕಿಯ ಪಾತ್ರ ಮಾಡಿದ ಡೆಸಿ ಅರ್ನಾಜ್ ನಿಜ ಜೀವನದಲ್ಲೂ ಆಗ ಗಂಡ ಹೆಂಡತಿ.

ದ್ರಾಕ್ಷಿ ಎಪಿಸೋಡ್ ಪ್ರಸಾರ ಆಗಿದ್ದು 1956ರ ಏಪ್ರಿಲ್ 16ಕ್ಕೆ. ಎಲ್ಲರೂ ಯುರೋಪ್ ಪ್ರವಾಸದಲ್ಲಿದ್ದಾರೆ, ರೈಲಿನಲ್ಲಿ ರೋಮ್‌ಗೆ ಹೋಗುತ್ತಿದ್ದಾರೆ. ಒಬ್ಬ ಇಟಲಿಯ ನಿರ್ದೇಶಕ ಲೂಸಿಯನ್ನು ನೋಡಿ ನನ್ನ ಸಿನಿಮಾದಲ್ಲಿ ನಿನಗೊಂದು ಪಾತ್ರ ಇದೆ ಅಂತಾನೆ. ಸಿನಿಮಾದ ಹೆಸರು ಬಿಟರ್ ಗ್ರೇಪ್ಸ್, ಅಂದರೆ ಕಹಿ ದ್ರಾಕ್ಷಿ. ಲೂಸಿ ಏನು ಅಂದುಕೊಳ್ಳುತ್ತಾಳೆ ಹೇಳಿ? ಇದು ದ್ರಾಕ್ಷಿ ತೋಟದ ಕಥೆ ಇರಬೇಕು, ಪಾತ್ರಕ್ಕೆ ತಯಾರಾಗಬೇಕು ಅಂತ ಯಾರಿಗೂ ಹೇಳದೆ ಟುರೋ ಅನ್ನೋ ಹಳ್ಳಿಗೆ ಹೋಗುತ್ತಾಳೆ. ಅಲ್ಲಿ ಇನ್ನೂ ಕಾಲಲ್ಲಿ ತುಳಿದೇ ವೈನ್ ಮಾಡುತ್ತಾರೆ. ಕೂಲಿ ಹೆಂಗಸರ ಸಾಲಿನಲ್ಲಿ ನಿಲ್ಲುತ್ತಾಳೆ. ಮೇಸ್ತ್ರಿ ಅವಳ ಪಾದ ನೋಡಿ ದೊಡ್ಡ ಪಿಜ್ಜಾ ಇದ್ದಂಗೆ ಇದೆ ಅಂತ ಖುಷಿಪಟ್ಟು ತುಳಿಯೋ ಕೆಲಸಕ್ಕೇ ಹಾಕುತ್ತಾನೆ.

ಆಮೇಲೆ ತೊಟ್ಟಿ. ಸಂಗಾತಿಯಾಗಿ ಒಬ್ಬ ಇಟಾಲಿಯನ್ ಹೆಂಗಸು. ಗಟ್ಟಿಮುಟ್ಟು ಆಳು. ತೆರೇಸಾ ತಿರೆಲ್ಲಿ ಅಂತ ಅವರ ಹೆಸರು.

ಲೂಸಿ ಮೊದಲ ಕಾಲು ಇಡುವಾಗ ಮುಖ ನೋಡಬೇಕು. ಮೂಗು ಸೊಟ್ಟ ಮಾಡುತ್ತಾಳೆ, ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಮತ್ತೆ ಇಡುತ್ತಾಳೆ. ಅದು ನಟನೆ ಅಲ್ಲ ಅಂತ ನನಗೆ ಆಗಲೇ ಅನ್ನಿಸಿತು. ಆಮೇಲೆ ಸಂದರ್ಶನದಲ್ಲಿ ಅವರು ಹೇಳಿದ್ದು ಕೇಳಿ ಕೂತಲ್ಲೇ ಹೌದು ಹೌದು ಅಂದೆ. ಕಣ್ಣುಗುಡ್ಡೆಗಳ ಮೇಲೆ ಕಾಲಿಟ್ಟ ಹಾಗಿತ್ತು ಅಂತ ಅವರು ಹೇಳಿದ್ದಾರೆ.

ಇದನ್ನ ದ್ರಾಕ್ಷಿ ತುಳಿದವರು ಮಾತ್ರ ಹೇಳೋಕೆ ಸಾಧ್ಯ. ನಾನು ತುಳಿದಿದ್ದೇನೆ.

ಆಗ ನಾನು ಆರನೇ ಕ್ಲಾಸು. ಏಪ್ರಿಲ್ ತಿಂಗಳು, ಪರೀಕ್ಷೆ ಮುಗಿದಿತ್ತು. ಬ್ಲೂ ಹಣ್ಣಾಗಿ ಇನ್ನೊಂದು ವಾರದಲ್ಲಿ ಕೊಯ್ಲು. ವ್ಯಾಪಾರಿ ಬಂದು ತೋಟ ನೋಡಿ ರೇಟು ಮಾತಾಡಿ ಅಡ್ವಾನ್ಸ್ ಕೂಡ ಕೊಟ್ಟಿದ್ದರು. ಒಂದು ಸಂಜೆ ನಾಲ್ಕು ಗಂಟೆಗೆ ನಂದಿ ಬೆಟ್ಟದ ಮೇಲೆ ಮೋಡ ಕಪ್ಪಗೆ ಕಟ್ಟಿತು. ಗಾಳಿ ಬಂತು. ಆಮೇಲೆ ಆಲಿಕಲ್ಲು. ಹತ್ತು ಹನ್ನೆರಡು ನಿಮಿಷ ಇರಬಹುದು ಅಷ್ಟೇ. ನಾವು ಪಂಪ್‌ಹೌಸಿನ ಒಳಗೆ ನಿಂತಿದ್ದೆವು. ಶೀಟಿನ ಮೇಲೆ ಬೀಳುವ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಹೊರಗೆ ಬಂದಾಗ ಚಪ್ಪರದಲ್ಲಿ ಎಲೆ ಇರಲಿಲ್ಲ. ಗೊಂಚಲುಗಳು ಅರ್ಧ ನೆಲದಲ್ಲಿ, ಅರ್ಧ ಒಡೆದುಕೊಂಡು ತಂತಿಯಲ್ಲೇ ತೊಟ್ಟಿಕ್ಕುತ್ತಿದ್ದವು. ಇಡೀ ತೋಟ ಜ್ಯೂಸಿನ ವಾಸನೆ.

ವ್ಯಾಪಾರಿ ಮಾರನೇ ದಿನ ಬಂದು ನೋಡಿ ಅಡ್ವಾನ್ಸ್ ವಾಪಸ್ ಇಸ್ಕೊಂಡು ಹೋದರು. ಅಪ್ಪ ಏನೂ ಮಾತಾಡಲಿಲ್ಲ. ಬಿದ್ದ ಹಣ್ಣು ಹಾಗೇ ಬಿಟ್ಟರೆ ಕೊಳೆತು ರೋಗ ಹತ್ತುತ್ತೆ, ತೋಟದಿಂದ ಎತ್ತಲೇಬೇಕು. ಮಕ್ಕಳೆಲ್ಲ ಸೇರಿ ಬುಟ್ಟಿಯಲ್ಲಿ ತುಂಬಿ ಸಿಮೆಂಟ್ ತೊಟ್ಟಿಗೆ ಸುರಿದೆವು. ಔಷಧಿ ಕಲಸೋ ತೊಟ್ಟಿ ಅಲ್ಲ, ದನ ನೀರು ಕುಡಿಯೋದು. ಅಲ್ಲಿಂದ ತಿಪ್ಪೆಗೆ ಹೊರುವ ಲೆಕ್ಕ. ತೊಟ್ಟಿ ತುಂಬಿ ಬಂದಾಗ, ಅದುಮಿದರೆ ಇನ್ನೂ ಸ್ವಲ್ಪ ಹಿಡಿಯುತ್ತೆ ಅಂತ ದೊಡ್ಡಪ್ಪನ ಮಗ ಅದರೊಳಗೆ ಇಳಿದ. ಅವನ ಹಿಂದೆ ನಾನು, ನನ್ನ ತಮ್ಮ.

ಬ್ಲೂ ದ್ರಾಕ್ಷಿ ತಿಂದವರಿಗೆ ಗೊತ್ತಿರುತ್ತೆ. ಅದರ ಸಿಪ್ಪೆ ದಪ್ಪ. ಬೆರಳಲ್ಲಿ ಹಿಡಿದು ಸುಮ್ನೆ ಒತ್ತಿದರೆ ಸಾಕು, ಒಳಗಿನ ತಿರುಳು ಇಡಿಯಾಗಿ ಪುಳಕ್ಕನೆ ಜಾರಿ ಬರುತ್ತೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತೆ. ತಿರುಳಿಗೆ ಬಣ್ಣ ಇಲ್ಲ. ತಿಳಿ ಹಸಿರು, ಒಳಗೆ ಬೀಜ ಕಾಣುವ ಹಾಗೆ, ನಿಜವಾಗಲೂ ಕಣ್ಣುಗುಡ್ಡೆ ಥರ. ಅಂಥವು ಸಾವಿರಾರು ಕಾಲ ಕೆಳಗೆ ಒಂದೇ ಸಲ ಜಾರಿದರೆ ಹೇಗಿರುತ್ತೆ? ತಣ್ಣಗೆ. ಬೆರಳ ಸಂದಿಯಲ್ಲಿ ಮೇಲಕ್ಕೆ ನುಗ್ಗುತ್ತೆ. ಕಾಲೂರೋಕೆ ಗಟ್ಟಿ ನೆಲ ಸಿಗಲ್ಲ. ಮೊದಲ ಐದು ನಿಮಿಷ ನಾವೂ ಲೂಸಿ ಥರಾನೇ ಕಿರುಚಿಕೊಂಡು ಕುಣಿದೆವು. ಹತ್ತು ನಿಮಿಷಕ್ಕೆ ಮೀನಖಂಡ ಹಿಡಿದುಕೊಂಡಿತು. ಕಾಲಲ್ಲಿ ಮುಳ್ಳು ಗೀರಿದ ಕಡೆಯೆಲ್ಲ ರಸ ಇಳಿದು ಉರಿ. ಗೊಂಚಲ ಕಡ್ಡಿ ಅಂಗಾಲಿಗೆ ಚುಚ್ಚುತ್ತೆ. ನೊಣ, ಜೇನುನೊಣ ಮುತ್ತಿಕೊಂಡವು. ಎಪಿಸೋಡಿನಲ್ಲಿ ಲೂಸಿ ಸುಸ್ತಾಗಿ ಸ್ವಲ್ಪ ಕೂರ್ತೀನಿ ಅಂತ ತೊಟ್ಟಿಯ ಅಂಚು ಹಿಡಿಯುತ್ತಾಳಲ್ಲ, ಅದು ಕಾಮಿಡಿಗೆ ಅಂತ ಸೇರಿಸಿದ್ದು ಅಂತ ನೀವು ಅಂದುಕೊಂಡರೆ, ಒಂದು ಸಲ ತುಳಿದು ನೋಡಿ.

ಅಪ್ಪ ಕಲ್ಲು ಕಂಬಕ್ಕೆ ಒರಗಿಕೊಂಡು ನಮ್ಮನ್ನೇ ನೋಡುತ್ತಾ ನಿಂತಿದ್ದರು. ಬೈಯಲಿಲ್ಲ. ಇವತ್ತಿಗೂ ಆ ಮುಖ ಮರೆತಿಲ್ಲ.

ಕಾಲಲ್ಲಿ ಯಾಕೆ ತುಳಿಯುತ್ತಿದ್ದರು ಅಂದರೆ ಅದಕ್ಕೊಂದು ಕಾರಣ ಇದೆ. ಪಾದ ಮೆತ್ತಗೆ. ಹಣ್ಣು ಒಡೆಯುತ್ತೆ, ಬೀಜ ಒಡೆಯಲ್ಲ. ಬೀಜ ಒಡೆದರೆ ರಸ ಕಹಿಯಾಗುತ್ತೆ. ಪೋರ್ಚುಗಲ್‌ನ ಕೆಲವು ಕಡೆ ಇವತ್ತಿಗೂ ಕಲ್ಲಿನ ತೊಟ್ಟಿಯಲ್ಲಿ ಕಾಲಲ್ಲೇ ತುಳಿಯುತ್ತಾರೆ. ಈಗ ನಮ್ಮ ಬೆಂಗಳೂರಿನ ಸುತ್ತಮುತ್ತಲೂ ಪ್ರವಾಸಿಗರಿಗೆ ದ್ರಾಕ್ಷಿ ತುಳಿಸುವ ಕಾರ್ಯಕ್ರಮ ಇಡುತ್ತಾರೆ, ದುಡ್ಡು ಕೊಟ್ಟು ಹೋಗಿ ತುಳಿದು ಫೋಟೋ ತೆಗೆಸಿಕೊಂಡು ಬರುತ್ತಾರೆ. ಅವರೆಲ್ಲರ ತಲೆಯಲ್ಲಿ ಇರೋದು ಲೂಸಿಯ ಈ ತೊಟ್ಟಿಯೇ ಇರಬೇಕು ಅನ್ನಿಸುತ್ತೆ.

ಈಗ ಆ ಹೊಡೆದಾಟದ ವಿಷಯ. ನನ್ನನ್ನು ಒಂದು ವಾರ ಹಿಡಿದಿಟ್ಟಿದ್ದು ಇದೇ.

ಲೂಸಿಲ್ ಬಾಲ್ ತಮ್ಮ ಬಾಯಲ್ಲೇ ಹೇಳಿದ ಕಥೆ ಹೀಗಿದೆ. ಆ ತೆರೇಸಾ ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಇಬ್ಬರೂ ಜಗಳ ಆಡಬೇಕು, ಸಮ ಸಮ ಇರಬೇಕು, ಒಮ್ಮೆ ಇವಳು ಮೇಲೆ ಒಮ್ಮೆ ಅವಳು ಮೇಲೆ ಅಂತ ಹೇಳಿಕೊಟ್ಟಿದ್ದರು. ಶೂಟಿಂಗ್ ಶುರುವಾಯಿತು. ಲೂಸಿ ಕಾಲು ಜಾರಿ ಆಕೆಗೆ ತಗುಲಿದರು. ಆಕೆಗೆ ಸಿಟ್ಟು ನಿಜವಾಗಿಯೇ ಬಂತೋ, ಜಗಳ ಅಂದರೆ ಜಗಳವೇ ಅಂದುಕೊಂಡರೋ, ಲೂಸಿಯ ತಲೆ ಹಿಡಿದು ದ್ರಾಕ್ಷಿಯೊಳಗೆ ಅದುಮಿದರು. ಬಿಡಲಿಲ್ಲ. ಮೂಗಿನಲ್ಲಿ, ಕಿವಿಯಲ್ಲಿ, ಬಾಯಿಯಲ್ಲಿ ಎಲ್ಲ ದ್ರಾಕ್ಷಿ. ಉಸಿರು ಕಟ್ಟಿತು. ಇಲ್ಲೇ ಮುಳುಗಿ ಸಾಯ್ತೀನೇನೋ ಅನ್ನಿಸಿತು ಅಂತ ಲೂಸಿಲ್ ಹೇಳುತ್ತಾರೆ. ನೋಡುವವರಿಗೆ ಮಾತ್ರ ಅದು ಭಾರಿ ತಮಾಷೆ.

ಇದನ್ನು ಕೇಳಿದಾಗ ನನಗೆ ನೆನಪಾಗಿದ್ದು ನಮ್ಮೂರ ಕುರುಕ್ಷೇತ್ರ ನಾಟಕ.

ನಮ್ಮ ಕಡೆ ಊರಲ್ಲಿ ವರ್ಷಕ್ಕೊಂದು ಪೌರಾಣಿಕ ನಾಟಕ ಆಗಲೇಬೇಕು. ಸೀನರಿ ಬಾಡಿಗೆಗೆ ತರೋದು, ಹಾರ್ಮೋನಿಯಂ ಮೇಷ್ಟ್ರು ಎರಡು ತಿಂಗಳು ಬಂದು ಕಲಿಸೋದು, ಊರವರೇ ಪಾತ್ರ ಹಾಕೋದು. ಒಂದು ವರ್ಷ ಅಪ್ಪ ಭೀಮ, ದೊಡ್ಡಪ್ಪ ದುಶ್ಶಾಸನ. ಕೊನೆಗೆ ಭೀಮ ದುಶ್ಶಾಸನನ ಎದೆ ಮೇಲೆ ಮೊಣಕಾಲು ಊರಿ ಕೂರುವ ದೃಶ್ಯ. ಜಾಸ್ತಿ ಭಾರ ಬಿದ್ದರೆ ದೊಡ್ಡಪ್ಪ ಕೈಯಿಂದ ನೆಲಕ್ಕೆ ಮೂರು ಸಲ ತಟ್ಟಬೇಕು, ಅಪ್ಪ ಕಾಲು ಸಡಿಲ ಮಾಡಬೇಕು, ಇದು ಇಬ್ಬರ ಮಧ್ಯೆ ಒಪ್ಪಂದ. ನಾಟಕದ ದಿನ ರಾತ್ರಿ ಮೂರು ಗಂಟೆ ಆಗಿತ್ತು. ಜನ ಎದ್ದು ನಿಂತು ಶಿಳ್ಳೆ ಹಾಕುತ್ತಿದ್ದರು. ಅಪ್ಪನಿಗೆ ಆವೇಶ. ದೊಡ್ಡಪ್ಪ ತಟ್ಟಿದರು. ತಟ್ಟುತ್ತಲೇ ಇದ್ದರು. ಅಪ್ಪನಿಗೆ ಗೊತ್ತಾಗಲಿಲ್ಲ. ಜನಕ್ಕೆ ಅದು ಸಾಯೋ ದುಶ್ಶಾಸನನ ಒದ್ದಾಟ, ಏನು ಆಕ್ಟಿಂಗ್ ಅಂತ ಇನ್ನೂ ಜೋರು ಚಪ್ಪಾಳೆ. ಹಾರ್ಮೋನಿಯಂ ಮೇಷ್ಟ್ರು ಕೈ ನೋಡಿದರು. ಬಾರಿಸೋದು ನಿಲ್ಲಿಸಿ "ಏಯ್ ಭೀಮಾ, ಕಾಲು ತೆಗಿಯೋ!" ಅಂತ ಕೂಗಿದರು. ಆಗ ಅಪ್ಪ ಎದ್ದರು.

ದೊಡ್ಡಪ್ಪನಿಗೆ ಹದಿನೈದು ದಿನ ಎದೆ ನೋವು. ಅಪ್ಪ ದಿನಾ ಸಂಜೆ ಅವರ ಮನೆಗೆ ಹೋಗಿ ಎಣ್ಣೆ ತಿಕ್ಕಿ ಬರುತ್ತಿದ್ದರು. ಅಷ್ಟಾದ ಮೇಲೆ ಅಪ್ಪ ಮತ್ತೆ ಭೀಮನ ಪಾತ್ರ ಹಾಕಲಿಲ್ಲ.

ಅದಕ್ಕೇ ಆ ತೊಟ್ಟಿಯ ದೃಶ್ಯವನ್ನು ಈಗ ನೋಡುವಾಗ ನನ್ನ ಕಣ್ಣು ಲೂಸಿಯ ಕೈ ಮೇಲೆ ಇರುತ್ತೆ. ಅದು ಎಲ್ಲಿ ಹಿಡಿಯುತ್ತೆ, ಎಲ್ಲಿ ತಳ್ಳುತ್ತೆ, ಆಮೇಲೆ ತಲೆ ಮೇಲೆ ಬಂದಾಗ ಬಾಯಿ ಹೇಗೆ ತೆರೆಯುತ್ತೆ. ಹೀಗಾದರೂ ಆಕೆ ನಿಲ್ಲಿಸಿ ಅನ್ನಲಿಲ್ಲ. ಉಸಿರು ಎಳೆದುಕೊಂಡು ಮತ್ತೆ ಮೇಲೆ ಬಿದ್ದರು. 1956ರಲ್ಲಿ ಆಕೆಗೆ 44 ವರ್ಷ. ನನಗೂ ಈಗ 44. ಎರಡು ಬ್ಲೌಸ್ ಒಂದೇ ಸಲ ಕೂತು ಹೊಲಿದರೆ ನನ್ನ ಸೊಂಟ ಹಿಡಿದುಕೊಳ್ಳುತ್ತೆ. ಎರಡು ಮಕ್ಕಳ ತಾಯಿ, ಒಂದು ಸ್ಟುಡಿಯೋದ ಒಡತಿ, ತೊಟ್ಟಿಯಲ್ಲಿ ಬಿದ್ದು ಎದ್ದು ಬಿದ್ದು ಎದ್ದು. ನಗಿಸೋದು ಎಷ್ಟು ಮೈಮುರಿಯುವ ಕೆಲಸ ಅಂತ ನನಗೆ ಅರ್ಥ ಆಗಿದ್ದು ಇಲ್ಲಿ.

ಆ ಧಾರಾವಾಹಿ ಶೂಟ್ ಮಾಡುತ್ತಿದ್ದ ರೀತಿಯೂ ನಮ್ಮ ನಾಟಕದ ಹಾಗೇ. ಎದುರಿಗೆ ಸುಮಾರು 300 ಜನ ಕೂತಿರುತ್ತಿದ್ದರು. ಮೂರು ಫಿಲ್ಮ್ ಕ್ಯಾಮೆರಾ ಒಟ್ಟಿಗೆ ಓಡುತ್ತಿದ್ದವು. ಕಥೆ ಮೊದಲಿಂದ ಕೊನೆವರೆಗೆ ಸಾಲಾಗಿ, ಆದಷ್ಟು ನಿಲ್ಲಿಸದೆ. ಆ ಕಾಲದಲ್ಲಿ ಹೆಚ್ಚಿನ ಕಾರ್ಯಕ್ರಮ ನ್ಯೂಯಾರ್ಕ್‌ನಿಂದ ನೇರ ಪ್ರಸಾರ. ದೂರದ ಊರುಗಳಿಗೆ ಟಿವಿ ಪರದೆಯನ್ನೇ ಫಿಲ್ಮಿನಲ್ಲಿ ಹಿಡಿದು ಕಳಿಸುತ್ತಿದ್ದರು, ಮಸುಕು ಮಸುಕಾಗಿ. ಲೂಸಿಲ್, ಡೆಸಿ ಇಬ್ಬರಿಗೂ ಹಾಲಿವುಡ್ ಬಿಟ್ಟು ಹೋಗೋಕೆ ಇಷ್ಟ ಇರಲಿಲ್ಲ. ಹಾಗಾದರೆ ಸಿನಿಮಾದ 35 ಎಂಎಂ ಫಿಲ್ಮಿನಲ್ಲೇ ಶೂಟ್ ಮಾಡುತ್ತೇವೆ ಅಂದರು. ಖರ್ಚು ಜಾಸ್ತಿ ಆಯಿತು, ತಮ್ಮ ಸಂಬಳ ಕಡಿಮೆ ಮಾಡಿಕೊಂಡರು, ಬದಲಿಗೆ ಫಿಲ್ಮಿನ ಹಕ್ಕು ತಾವಿಟ್ಟುಕೊಂಡರು. ಆಗ ಮರುಪ್ರಸಾರ ಅನ್ನೋದನ್ನ ಯಾರೂ ಅಷ್ಟು ಯೋಚನೆ ಮಾಡಿರಲಿಲ್ಲ. ಆ ಫಿಲ್ಮ್ ಇದ್ದಿದ್ದರಿಂದಲೇ ಎಪ್ಪತ್ತು ವರ್ಷ ಆದ ಮೇಲೂ ಚಿಕ್ಕಬಳ್ಳಾಪುರದ ಒಂದು ಅಡುಗೆಮನೆ ಬಾಗಿಲಲ್ಲಿ ನಾನು ಲೂಸಿಯ ರೆಪ್ಪೆ ಅದುರೋದನ್ನೂ ನೋಡಬಹುದು.

ಇನ್ನೊಂದು ವಿಷಯ ಗಮನಿಸಿದೆ. ನಿಜವಾದ ವಸ್ತುವನ್ನೇ ತಂದು, ಅದರ ಕೈಗೆ ತಮ್ಮನ್ನು ಕೊಟ್ಟುಬಿಡೋದು ಈ ತಂಡದ ಅಭ್ಯಾಸ. 1952ರ ಚಾಕೊಲೇಟ್ ಫ್ಯಾಕ್ಟರಿ ಎಪಿಸೋಡ್ ತುಂಬಾ ಪ್ರಸಿದ್ಧ. ಬೆಲ್ಟ್ ಮೇಲೆ ಚಾಕೊಲೇಟ್ ಓಡಿ ಬರುತ್ತೆ, ಸುತ್ತೋಕೆ ಆಗದೆ ಲೂಸಿ ಬಾಯಿಗೆ, ಟೋಪಿಗೆ ತುರುಕಿಕೊಳ್ಳುತ್ತಾಳೆ. ಅದೇ ಎಪಿಸೋಡಿನಲ್ಲಿ ಲೂಸಿ ಪಕ್ಕ ಕೂತು ಚಾಕೊಲೇಟ್ ಅದ್ದುವ ಹೆಂಗಸು ನಿಜವಾಗಿ ಅದೇ ಕೆಲಸ ಮಾಡುತ್ತಿದ್ದವರು, ಅಮಾಂಡಾ ಮಿಲಿಗನ್ ಅಂತ. ಅವರು ಲೂಸಿ ಕೆನ್ನೆಗೆ ಹೊಡೆಯಬೇಕಿತ್ತು. ಪ್ರಾಕ್ಟೀಸಿನಲ್ಲಿ ಮೆತ್ತಗೆ ಹೊಡೆದವರು ಕ್ಯಾಮೆರಾ ಮುಂದೆ ಬಿಗಿದೇಬಿಟ್ಟರಂತೆ. 1957ರಲ್ಲಿ ಇನ್ನೊಂದು. ಲೂಸಿ ಬಟ್ಟೆಯೊಳಗೆ ಮೊಟ್ಟೆ ಬಚ್ಚಿಟ್ಟುಕೊಂಡಿರುತ್ತಾಳೆ, ಗಂಡ ಬಂದು ಡ್ಯಾನ್ಸ್ ಪ್ರಾಕ್ಟೀಸ್ ಮಾಡೋಣ ಅಂತ ಎದೆಗೆ ಎಳೆದುಕೊಳ್ಳುತ್ತಾನೆ. ಪ್ರಾಕ್ಟೀಸಿನಲ್ಲಿ ಒಂದು ಸಲವೂ ನಿಜವಾದ ಮೊಟ್ಟೆ ಇಟ್ಟುಕೊಂಡಿರಲಿಲ್ಲ. ಮೊದಲ ಸಲ ಒಡೆದಾಗ ಆ ಲೋಳೆ ಹೊಟ್ಟೆ ಮೇಲೆ ಇಳಿಯುವಾಗ ಮುಖ ಏನಾಗುತ್ತೋ ಅದೇ ಬೇಕಿತ್ತು ಅವರಿಗೆ. ಕೂತಿದ್ದವರು 65 ಸೆಕೆಂಡ್ ನಗು ನಿಲ್ಲಿಸಲಿಲ್ಲ. ಇಡೀ ಧಾರಾವಾಹಿಯಲ್ಲೇ ಅತಿ ಉದ್ದದ ನಗು ಅದು ಅಂತಾರೆ.

ದ್ರಾಕ್ಷಿಯದ್ದೂ ಅದೇ. ತುಳಿದ ದ್ರಾಕ್ಷಿಯನ್ನು ಮತ್ತೆ ಗೊಂಚಲು ಮಾಡೋಕಾಗುತ್ತಾ?

ಬಣ್ಣದ ವಿಷಯಕ್ಕೆ ಬರುತ್ತೇನೆ. ಇದು ನನಗೆ ತುಂಬಾ ಕಾಡಿದ್ದು. ಎಪಿಸೋಡಿನ ಕೊನೆಗೆ ಲೂಸಿ ಹೋಟೆಲಿಗೆ ವಾಪಸ್ ಬರುತ್ತಾಳೆ. ಮೈಯೆಲ್ಲ ದ್ರಾಕ್ಷಿ ಕಲೆ. ಎಷ್ಟು ತೊಳೆದರೂ ಹೋಗಲ್ಲ. ಅಷ್ಟರಲ್ಲಿ ನಿರ್ದೇಶಕ ಬರುತ್ತಾನೆ. ಸಿನಿಮಾಗೂ ದ್ರಾಕ್ಷಿಗೂ ಸಂಬಂಧವೇ ಇಲ್ಲ, ಹೆಸರು ಸುಮ್ನೆ ಹಾಗಿಟ್ಟಿದ್ದು. ಅವನಿಗೆ ಬೇಕಾಗಿದ್ದು ಒಬ್ಬ ಅಮೆರಿಕನ್ ಪ್ರವಾಸಿ ಹೆಂಗಸಿನ ಪಾತ್ರ. ನೀಲಿ ಮೈಯ ಲೂಸಿ ಆಗಲ್ಲ. ಪಾತ್ರ ಎಥೆಲ್‌ಗೆ ಹೋಗುತ್ತೆ. ಎಲ್ಲರೂ ನಗುವ ಜಾಗ ಅದು. ನನಗೆ ಮಾತ್ರ ಅಲ್ಲಿ ಹೊಟ್ಟೆ ಚುರುಕ್ ಅನ್ನುತ್ತೆ. ಅಷ್ಟು ತುಳಿದಿದ್ದು ಪಾತ್ರಕ್ಕೋಸ್ಕರ, ಆ ತುಳಿತದಿಂದಲೇ ಪಾತ್ರ ಹೋಯಿತು.

ಆದರೆ ನೋಡಿ, ಚಿತ್ರ ಕಪ್ಪು ಬಿಳುಪು. ಆ ನೀಲಿಯನ್ನು ಆವತ್ತು ಟಿವಿಯಲ್ಲಿ ನೋಡಿದವರು ಯಾರೂ ನೋಡಲೇ ಇಲ್ಲ. ಅವರು ನೋಡಿದ್ದು ಬೂದು. ಈ ಧಾರಾವಾಹಿಗೆ ಬೆಳಕಿನ ವ್ಯವಸ್ಥೆ ಮಾಡಿಕೊಟ್ಟವರು ಕಾರ್ಲ್ ಫ್ರಾಯಿಂಡ್, ಜರ್ಮನಿಯಲ್ಲಿ ಮೂಕಿ ಸಿನಿಮಾ ಕಾಲದಿಂದ ಕ್ಯಾಮೆರಾ ಹಿಡಿದಿದ್ದ ದೊಡ್ಡ ಛಾಯಾಗ್ರಾಹಕ, ಆಸ್ಕರ್ ಗೆದ್ದವರು. ಮೂರು ಕ್ಯಾಮೆರಾ ಒಟ್ಟಿಗೆ ಓಡಬೇಕಾದರೆ ಒಂದೊಂದು ಶಾಟಿಗೂ ಬೆಳಕು ಬದಲಾಯಿಸೋಕೆ ಆಗಲ್ಲ. ಅದಕ್ಕೆ ಮೇಲಿನಿಂದ ಎಲ್ಲ ಕಡೆಗೂ ಸಮನಾಗಿ ಬೆಳಕು ಬೀಳುವ ಹಾಗೆ ಮಾಡಿದರು. ಸೆಟ್ಟಿನ ಗೋಡೆಗಳಿಗೆ ಬೂದು ಬಣ್ಣದ ಬೇರೆ ಬೇರೆ ಛಾಯೆ ಬಳಿಸಿದರು. ಬಣ್ಣದ ತಲೆಗೂದಲಿಗೆ ಹೆಸರಾದ ಹೆಂಗಸು ಆ ಬೂದು ಬಣ್ಣದ ಮಧ್ಯೆ ನಿಂತು ನಗಿಸಿದ್ದು. ಲೂಸಿಲ್ ಕೂದಲು ಗೋರಂಟಿ ಹಚ್ಚಿ ಕೆಂಪು ಮಾಡಿಕೊಂಡಿದ್ದು, ಅದೂ ಯಾರಿಗೂ ಟಿವಿಯಲ್ಲಿ ಕಾಣುತ್ತಿರಲಿಲ್ಲ.

2013ರ ಡಿಸೆಂಬರ್‌ನಲ್ಲಿ ಸಿಬಿಎಸ್‌ನವರು ಕ್ರಿಸ್‌ಮಸ್ ಸ್ಪೆಷಲ್ ಅಂತ ಎರಡು ಎಪಿಸೋಡಿಗೆ ಬಣ್ಣ ತುಂಬಿ ಹಾಕಿದರು. ಅದರಲ್ಲಿ ಒಂದು ಈ ದ್ರಾಕ್ಷಿ ಎಪಿಸೋಡ್. ಅಂದರೆ 57 ವರ್ಷ ಆದ ಮೇಲೆ ಜನ ಆ ತೊಟ್ಟಿಯ ಬಣ್ಣ ನೋಡಿದರು. ಬೆಂಗಳೂರು ಬ್ಲೂಗೆ ಜಿಐ ಬಂದ ವರ್ಷವೂ ಅದೇ. ಸುಮ್ನೆ ಕಾಕತಾಳೀಯ, ಆದರೂ ನನಗೆ ಖುಷಿ ಆಯಿತು, ಅದಕ್ಕೆ ಬರೆದೆ.

ಕಲೆಯ ಬಗ್ಗೆ ನನಗೆ ಗೊತ್ತಿರುವುದನ್ನೂ ಹೇಳಿಬಿಡುತ್ತೇನೆ. ಬಣ್ಣ ಇರೋದು ಸಿಪ್ಪೆಯಲ್ಲಿ. ಆಂಥೋಸಯನಿನ್ ಅಂತ ಅದರ ಹೆಸರು. ಆವತ್ತು ತೊಟ್ಟಿಯಿಂದ ಇಳಿದ ಮೇಲೆ ಅಮ್ಮ ನಮ್ಮ ಮೂವರನ್ನೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿ ಬಟ್ಟೆ ಸೋಪಿನಿಂದ ಉಜ್ಜಿದರು. ನೇರಳೆ ಇದ್ದದ್ದು ಕಪ್ಪು ನೀಲಿ ಆಯಿತು! ಅಮ್ಮನಿಗೆ ಗಾಬರಿ. ಅಜ್ಜಿ ಒಳಗಿಂದ ಬಂದು "ಸೋಪು ಬ್ಯಾಡ ಕಣೇ" ಅಂತ ಅರ್ಧ ನಿಂಬೆಹಣ್ಣು ತಂದು ತಿಕ್ಕಿದರು. ನೀಲಿ ಹೋಗಿ ಕೆಂಪಗೆ ತಿರುಗಿತು, ಆಮೇಲೆ ತಿಳಿಯಾಯಿತು. ಸೋಪಿಗೆ ನೀಲಿ, ಹುಳಿಗೆ ಕೆಂಪು, ಅದು ಆ ಬಣ್ಣದ ಗುಣ. ಲೂಸಿಗೆ ಯಾರಾದರೂ ಒಂದು ನಿಂಬೆಹಣ್ಣು ಕೊಟ್ಟಿದ್ದರೆ ಪಾತ್ರ ಉಳಿಯುತ್ತಿತ್ತೇನೋ. ಹಿಮ್ಮಡಿ ಬಿರುಕಿನಲ್ಲಿ, ಉಗುರಿನ ಸುತ್ತ ಮಾತ್ರ ಒಂದು ವಾರ ಹೋಗಲಿಲ್ಲ.

ಶುಕ್ರವಾರ ತವರಿಗೆ ಹೋಗಿದ್ದೆ. ಮಗಳೂ ಬಂದಿದ್ದಳು. ಅಪ್ಪ ಅಮ್ಮ ಇಬ್ಬರನ್ನೂ ಜಗಲಿ ಮೇಲೆ ಕೂರಿಸಿ ಎಪಿಸೋಡ್ ತೋರಿಸಿದೆವು. ನಾನು ಒಂದೊಂದು ಮಾತಿಗೂ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ತೊಟ್ಟಿ ಬಂದ ಕೂಡಲೇ ಅಪ್ಪ ಕನ್ನಡಕ ಹಾಕಿಕೊಂಡು ಮೊಬೈಲಿಗೆ ಮುಖ ಹತ್ತಿರ ತಂದರು.

"ಇದು ಯಾವ ತಿಂಗಳು ಅಂದೆ?"

"ಏಪ್ರಿಲ್‌ನಲ್ಲಿ ಬಂದಿದ್ದು ಅಪ್ಪ."

"ಇಟಲಿಲಿ ಏಪ್ರಿಲ್‌ಗೆ ದ್ರಾಕ್ಷಿ ಎಲ್ಲಮ್ಮಾ ಬರುತ್ತೆ? ಅಲ್ಲಿ ಚಳಿ ದೇಶ. ಈಗ ಚಿಗುರು ಬರೋ ಹೊತ್ತು. ಕೊಯ್ಲು ಸೆಪ್ಟೆಂಬರ್‌ಗೆ."

ನಾನು ಇಷ್ಟು ದಿನ ನೋಡಿದರೂ ಇದು ಹೊಳೆದಿರಲಿಲ್ಲ. ಅಪ್ಪ ಹೇಳಿದ್ದು ಸರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಅಷ್ಟೇ, ಆಗಸ್ಟ್ ಸೆಪ್ಟೆಂಬರ್ ಕೊಯ್ಲಿನ ಕಾಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗೊಂಚಲು ತುಂಬಿ ನಿಲ್ಲೋದು ನಮ್ಮಲ್ಲಿ. ಕಾಲದ ಲೆಕ್ಕ ಹಾಕಿದರೆ ಲೂಸಿ ಇಳಿಯಬೇಕಾಗಿದ್ದು ನಂದಿ ಸ್ಟೇಷನ್ನಿನಲ್ಲಿ. ಮಗಳಿಗೆ ಈ ಮಾತು ತುಂಬಾ ಇಷ್ಟ ಆಯಿತು.

ಅಮ್ಮ ಏನೂ ಮಾತಾಡದೆ ನೋಡುತ್ತಿದ್ದರು. ಅವರಿಗೆ ನಾನು ಮೊದಲೇ ಏನೂ ಹೇಳಿರಲಿಲ್ಲ, ತಲೆ ಅದುಮಿದ್ದು, ಉಸಿರು ಕಟ್ಟಿದ್ದು ಯಾವುದೂ. ಹೇಳದೆ ತೋರಿಸಬೇಕು ಅಂತಲೇ ಇದ್ದೆ.

ಒಂದು ವಿಷಯ ಓದಿದ್ದು ಆಗ ನೆನಪಾಯಿತು. ಲೂಸಿಲ್ ಬಾಲ್ ಅವರ ತಾಯಿ ಡೀಡಿ ಬಾಲ್. ಹೆಚ್ಚು ಕಡಿಮೆ ಪ್ರತಿ ಶೂಟಿಂಗಿಗೂ ಬಂದು ಜನರ ಮಧ್ಯೆ ಕೂರುತ್ತಿದ್ದರು. ಮಗಳು ಏನಾದರೂ ಎಡವಟ್ಟು ಮಾಡಿಕೊಳ್ಳುತ್ತಾಳೆ ಅಂತ ಗೊತ್ತಾದ ತಕ್ಷಣ ಅವರ ಬಾಯಿಂದ ಒಂದು ಉದ್ಗಾರ ಬರುತ್ತಿತ್ತು, ನಾವು ಅಯ್ಯೋ ಅನ್ನುವ ಹಾಗೆ. ಜನರ ನಗುವಿನ ಜೊತೆಗೆ ಆ ದನಿಯೂ ರೆಕಾರ್ಡ್ ಆಗಿದೆ. ಕಿವಿಗೊಟ್ಟು ಕೇಳಿದರೆ ಎಷ್ಟೋ ಎಪಿಸೋಡಿನಲ್ಲಿ ಸಿಗುತ್ತೆ ಅಂತಾರೆ. ಕಥೆ ಅಂತ ಗೊತ್ತು, ಏನಾಗುತ್ತೆ ಅಂತಲೂ ಗೊತ್ತು, ಆದರೂ ಬಾಯಿ ಸುಮ್ಮನಿರಲ್ಲ.

ತೊಟ್ಟಿಯಲ್ಲಿ ಜಗಳ ಹತ್ತಿಕೊಂಡಿತು. ಮಗಳು ನಗೋಕೆ ಶುರು ಮಾಡಿದಳು. ಅಪ್ಪನೂ ನಕ್ಕರು. ತೆರೇಸಾ ಲೂಸಿಯ ತಲೆ ಹಿಡಿದು ಕೆಳಗೆ ಒತ್ತಿದರು. ಅಮ್ಮ ಸೆರಗಿನಿಂದ ತಮ್ಮ ಮೂಗು ಮುಚ್ಚಿಕೊಂಡರು.

"ಅಯ್ಯೋ, ಬಿಡೇ, ಸಾಕು ಬಿಡೇ ಅವಳನ್ನ" ಅಂದರು.